ಢೋಲಕಪುರದಲ್ಲಿ ಕ್ರಿಕೆಟ್ ಹೇಗೆ?

ಕಾತ್ರಜದ ನಮ್ಮ ವಾಚನಾಲಯಕ್ಕೆ ಹೋಟೆಲಿನಲ್ಲಿ ದುಡಿಯುವ ಮಿತ್ರರೊಬ್ಬರು ಮಗನೊಡನೆ ಬಂದಿದ್ದರು. "ರಾಜರ ಕಾಲದಲ್ಲಿ ಕ್ರಿಕೆಟ್ ಇತ್ತೇ?" ಎಂದು ಹುಡುಗ ಕೇಳಿದ. ತಂದೆ ಗದರಿದರು. ಆದರೆ ಪ್ರಶ್ನೆ ಸರಿಯಾದದ್ದೇ.

ಅವನು ಕೇಳಿದ್ದು 'ಛೋಟಾ ಭೀಮ್' ವಿಷಯ. ಹೈದರಾಬಾದಿನ ರಾಜೀವ್ ಚಿಲಕರ ಸಂಸ್ಥೆ ತಯಾರಿಸಿದ ಈ ಕಾರ್ಟೂನ್ ಮಾಲಿಕೆ 2008ರಲ್ಲಿ ಪೋಗೋ ವಾಹಿನಿಯಲ್ಲಿ ಆರಂಭವಾಯಿತು. ಇಂದ್ರವರ್ಮನೆಂಬ ಅರಸನ ಢೋಲಕಪುರದಲ್ಲಿ ಕ್ರಿಕೆಟ್ ಉಂಟು, ಭೀಮನುಂಟು, ಧರ್ಮರಾಯನಿಲ್ಲ! ಇವು ಕೈತಪ್ಪುಗಳಲ್ಲ. ಮಹಾಭಾರತದಿಂದ ಹೆಸರು, ಬಲ, ಹಸಿವುಗಳನ್ನಷ್ಟೇ ಎರವಲು ಪಡೆದು, ಉಳಿದುದನ್ನು ಇಂದಿನ ಮಕ್ಕಳ ಆಟಪಾಟಗಳಿಂದ ತುಂಬಿದ ಕಲ್ಪನೆ.

'ಟಾಮ್ ಅಂಡ್ ಜೆರ್ರಿ'ಯ 1940ರ ಮೊದಲ ಚಿತ್ರದಲ್ಲಿ ಬೆಕ್ಕಿನ ಹೆಸರು ಜಾಸ್ಪರ್. 1941ರ ಎರಡನೆಯದರಲ್ಲಿ ಟಾಮ್! ಇದೂ ಮರೆವಲ್ಲ, ಹೆಸರನ್ನೇ ಬದಲಿಸಿದರು.

ನಿಜವಾದ ಕೈತಪ್ಪು ಬೇರೆ ಬಗೆಯದು. ಸಿನಿಮಾ ಫಿಲ್ಮು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಒಂದೊಂದು ಚಿತ್ರವನ್ನು ಎರಡೆರಡು ಸಲ ತೆಗೆದರೂ 12 ಚಿತ್ರ ಬೇಕು. ಏಳು ನಿಮಿಷಕ್ಕೆ 5,040. ಹಿಂದೆ ಪಾರದರ್ಶಕ ಹಾಳೆಗಳಿಗೆ ಕೈಯಿಂದಲೇ ಬಣ್ಣ ತುಂಬುತ್ತಿದ್ದರು, ಅದೂ ಹಲವರ ಕೈ. ಒಬ್ಬರು ಒಂದು ಹಾಳೆಯಲ್ಲಿ ಗುಂಡಿ ಬರೆಯಲು ಮರೆತರೆ ತೆರೆಯ ಮೇಲೆ ಆ ಗುಂಡಿ ಕ್ಷಣಮಾತ್ರ ಮಾಯ. ದಿನವಿಡೀ ಅಂಕಿ ನಕಲು ಮಾಡುವ ನಮ್ಮ ಗುಮಾಸ್ತ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ ಎಲ್ಲವನ್ನೂ ಕೇಳಿ, ಮರಾಠಿ ಬೆರೆತ ಕನ್ನಡದಲ್ಲಿ ಮತ್ತೊಂದು ಹಾಕಿದ: ಲಾಡು ತಿಂದರೆ ಭೀಮನಿಗೆ ಬಲ ಬರುತ್ತದೆ, ಲಾಡು ಮಾಡುವ ಟುನ್‌ಟುನ್ ಮೌಸಿಗೇಕೆ ಬರುವುದಿಲ್ಲ?

ನಾವು ತಡವರಿಸಿದೆವು. ಈ ಸಲ ತಂದೆ ಗದರಲಿಲ್ಲ. "ಮಾಡುವವರಿಗೆ ತಿನ್ನಲು ಪುರುಸೊತ್ತೆಲ್ಲಿ, ಮಗಾ?" ಎಂದರು.