ಟ್ರಾಕ್ಟರಿನ ಗೇರು ಪೆಟ್ಟಿಗೆಗೆ ತಕ್ಕ ಎಣ್ಣೆ

ಆದಿಚುಂಚನಗಿರಿಯ ಸುತ್ತಣ ಗ್ರಾಮಗಳಲ್ಲಿ ರಾಗಿಯ ಹೊಲ ಉಳುವುದಕ್ಕೂ ತೆಂಗಿನಕಾಯಿ ಸಾಗಿಸುವುದಕ್ಕೂ ಟ್ರಾಕ್ಟರು ಬಳಕೆಯಲ್ಲಿರುವುದಷ್ಟೆ. ಅದರ ಗೇರು ಪೆಟ್ಟಿಗೆಗೆ ಎಣ್ಣೆ ಮಂದವಾದಷ್ಟೂ ಮೇಲೆಂಬುದು ತಪ್ಪು ತಿಳಿವಳಿಕೆ. ಡಬ್ಬಿಯ ಅಂಕೆಯೂ ಮೋಸಗೊಳಿಸುವುದುಂಟು: ಗೇರೆಣ್ಣೆಯ 90ನೆಯ ದರ್ಜೆಯು ಇಂಜಿನ್ ಎಣ್ಣೆಯ 40 ಅಥವಾ 50ರಷ್ಟೇ ಮಂದವಾದುದು. ಜಿಎಲ್-5 ಎಂಬುದರಲ್ಲಿ ಗಂಧಕ, ರಂಜಕಗಳ ಅಂಶ ಹೆಚ್ಚಾದುದರಿಂದ ಹಿತ್ತಾಳೆ, ಕಂಚಿನ ಭಾಗಗಳು ಸವೆಯಬಹುದು. ಅಂತಹ ಪೆಟ್ಟಿಗೆಗೆ ಸಾಮಾನ್ಯವಾಗಿ ಜಿಎಲ್-4 ವಿಹಿತ.

ಇದಕ್ಕಿಂತ ಮುಖ್ಯವಾದುದು ಬ್ರೇಕಿನ ಸಂಗತಿ. ಬ್ರೇಕಿನ ಬಿಲ್ಲೆಗಳು ಎಣ್ಣೆಯಲ್ಲಿ ಮುಳುಗಿರುವ ಅನೇಕ ಟ್ರಾಕ್ಟರುಗಳಲ್ಲಿ ಗೇರು, ಹೈಡ್ರಾಲಿಕ್, ಬ್ರೇಕು ಮೂರಕ್ಕೂ ಎಣ್ಣೆ ಒಂದೇ. ಅದಕ್ಕೆಂದೇ ತಯಾರಾದ ಯು.ಟಿ.ಟಿ.ಓ. ಎಣ್ಣೆಯನ್ನು ಬಿಟ್ಟು ಬರಿಯ ಗೇರೆಣ್ಣೆಯನ್ನು ಹೊಯ್ದರೆ ಬಿಲ್ಲೆಗಳು ಜಾರಿ ಬ್ರೇಕು ಹಿಡಿಯದೆ ಹೋಗಬಹುದು. ತುಂಬಿದ ಟ್ರೈಲರಿನೊಡನೆ ಇಳಿಜಾರಿನಲ್ಲಿ ಇದು ಪ್ರಾಣಕ್ಕೆ ಸಂಚಕಾರ. ಆದಕಾರಣ ಯಂತ್ರದ ಕೈಪಿಡಿಯಲ್ಲಿ ಹೇಳಿರುವ ದರ್ಜೆಯನ್ನು ಬರೆದುಕೊಂಡೇ ಅಂಗಡಿಗೆ ಹೋಗತಕ್ಕದ್ದು. ಬಸಿದ ಹಳೆಯ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆಯೆಂದು ತಿಳಿಯಬೇಕು.