ಕತ್ತಲಾಗುವ ಮುನ್ನ ಕೋಳಿ ಎಣಿಸಿ

ಈ ಸಲ ಬಂದ ಕಾಗದಗಳಲ್ಲಿ ಅರ್ಧ ಕೋಳಿಗಳ ಜಗಳದ ಬಗ್ಗೆ, ಇನ್ನರ್ಧ ಕೋಳಿ ಹಿಡಿಯುವ ಪ್ರಾಣಿಗಳ ಬಗ್ಗೆ. ಹಾಗಾಗಿ ಹಸು, ಎಮ್ಮೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಕೇಳಿದವರು ಬೇಸರಿಸಬಾರದು.

ಪ್ರಶ್ನೆ: ನಮ್ಮಲ್ಲಿ ಆರು ನಾಟಿ ಹೇಂಟೆಗಳಿವೆ. ಹೋದ ವಾರ ನಾಲ್ಕು ತಿಂಗಳ ಗಿರಿರಾಜ ಕೋಳಿ ನಾಲ್ಕು ತಂದು ಜೊತೆಗೆ ಬಿಟ್ಟೆವು. ಹಳೆಯವು ಅವನ್ನು ಅಟ್ಟಿಸಿಕೊಂಡು ಹೋಗಿ ಕುಕ್ಕುತ್ತವೆ, ಕಾಳಿನ ಹತ್ತಿರ ಸೇರಿಸುವುದಿಲ್ಲ. ಒಂದರ ತಲೆಯಲ್ಲಿ ರಕ್ತ ಬಂದಿದೆ. ಕೊಂದೇಬಿಡುತ್ತವೇನೋ ಎಂದು ಹೆದರಿಕೆ. ಹೊಸವನ್ನು ಮಾರಿಬಿಡಲೇ ಡಾಕ್ಟರೇ?
– ಚನ್ನರಾಯಪಟ್ಟಣದ ಓದುಗರು

ಉತ್ತರ: ಮಾರಬೇಡಿ. ಹೊಸ ಕೋಳಿ ಬಂದ ಮನೆಯಲ್ಲೆಲ್ಲ ಈ ಗಲಾಟೆ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಣ್ಣಗಾಗುತ್ತದೆ. ಆದರೆ ರಕ್ತ ಬಂದಿದೆ ಎಂದಿರಲ್ಲ, ಆ ಒಂದನ್ನು ಈಗಲೇ ಬೇರೆ ಮಾಡಿ. ನಿಮ್ಮ ಹೆದರಿಕೆ ಆ ಮಟ್ಟಿಗೆ ಸರಿಯಾದದ್ದೇ. ಹಸಿ ಗಾಯದ ಕೆಂಪು ಕಂಡರೆ ಕೋಳಿಗಳು ಅಲ್ಲಿಗೇ ಮತ್ತೆ ಮತ್ತೆ ಕುಕ್ಕುತ್ತವೆ. ಒಂದು ಕುಕ್ಕಿದ್ದನ್ನು ನೋಡಿ ಇನ್ನೊಂದು ಬರುತ್ತದೆ. ಗಾಯ ತೊಳೆದು ಜೆನ್ಷನ್ ವಯಲೆಟ್ (ನೇರಳೆ ಬಣ್ಣದ ಗಾಯದ ಔಷಧ) ಹಚ್ಚಿ. ಅದು ಗಾಯಕ್ಕೂ ಆಯಿತು, ಕೆಂಪು ಮರೆಮಾಡುವುದಕ್ಕೂ ಆಯಿತು. ಗಾಯ ಒಣಗಿ ಹೊಪ್ಪಳಿಕೆ ಉದುರುವವರೆಗೆ ಅದನ್ನು ಗುಂಪಿಗೆ ಬಿಡಬೇಡಿ.

ಇನ್ನು ಜಗಳದ ವಿಷಯ. ಕೋಳಿಗಳಲ್ಲಿ ಪೆಕಿಂಗ್ ಆರ್ಡರ್ (ಯಾರು ಯಾರನ್ನು ಕುಕ್ಕಬಹುದು ಎಂಬ ಸಾಲು) ಎಂಬುದೊಂದಿದೆ. ನಾರ್ವೆಯ ತೊರ್ಲೀಫ್ ಶೆಲ್ಡೆರುಪ್-ಎಬ್ಬೆ ಎಂಬವರು ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನೇ ನೋಡುತ್ತ, ಯಾವುದು ಯಾವುದಕ್ಕೆ ಕುಕ್ಕಿತೆಂದು ಬರೆದಿಟ್ಟುಕೊಂಡು, 1921ರಲ್ಲಿ ಅದನ್ನೇ ಡಾಕ್ಟರೇಟ್ ಪ್ರಬಂಧ ಮಾಡಿದರು. ನಮ್ಮ ಅಜ್ಜಿಗೂ ಇದೆಲ್ಲ ಗೊತ್ತಿತ್ತು. ಯಾವ ಹೇಂಟೆ ಮೊದಲು ಕಾಳಿಗೆ ಬರುತ್ತದೆ, ಯಾವುದು ಕೊನೆಗೆ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಬರೆದಿಡಲಿಲ್ಲ, ಅಷ್ಟೆ. ಸಾಲು ಒಮ್ಮೆ ಗೊತ್ತಾದ ಮೇಲೆ ಕುಕ್ಕುವ ಕೆಲಸ ಕಡಿಮೆಯಾಗುತ್ತದೆ. ಮೇಲಿನದು ಕತ್ತೆತ್ತಿ ನೋಡಿದರೆ ಸಾಕು, ಕೆಳಗಿನದು ಸರಿದುಕೊಳ್ಳುತ್ತದೆ. ನೀವು ನಾಲ್ಕು ಹೊಸ ಕೋಳಿ ಬಿಟ್ಟಾಗ ಆ ಸಾಲು ಪೂರಾ ಕಲಸಿಹೋಯಿತು. ಈಗ ನಡೆಯುತ್ತಿರುವುದು ಜಾಗ ಹಂಚಿಕೆಯ ಪಂಚಾಯಿತಿ.

ಪಂಚಾಯಿತಿಗೆ ನೀವು ಸ್ವಲ್ಪ ಸಹಾಯ ಮಾಡಬಹುದು. ಹೊಸವನ್ನೆಲ್ಲ ಹಿಡಿದು ಎರಡು ಮೂರು ವಾರ ಬೇರೆ ಇಡಿ. ಮೊದಲೇ ಮಾಡಬೇಕಿತ್ತು, ರಾಣಿಖೇತ್ (ಕೊಕ್ಕರೆ ರೋಗ) ಹೊತ್ತು ತರುವುದು ಹೆಚ್ಚಾಗಿ ಸಂತೆಯಿಂದ ಬಂದ ಕೋಳಿಗಳೇ. ಕೆಮ್ಮು, ಬಿಳಿ ಅಥವಾ ಹಸಿರು ಭೇದಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಅವನ್ನು ಹಳೆಯವಕ್ಕೆ ಕಾಣುವ ಹಾಗೆ ಜಾಲರಿಯ ಆಚೆ ಒಂದು ವಾರ ಇಡಿ. ನೋಡಲಿ, ಗುರುಗುಟ್ಟಲಿ, ಕುಕ್ಕಲು ಆಗದಿರಲಿ. ಆಮೇಲೆ ಒಂದು ರಾತ್ರಿ ಎಲ್ಲವೂ ನಿದ್ದೆಯಲ್ಲಿರುವಾಗ ಹೊಸವನ್ನು ಹಳೆಯವುಗಳ ಪಕ್ಕದಲ್ಲಿ ಕೂರಿಸಿಬಿಡಿ. ಕತ್ತಲಲ್ಲಿ ಕೋಳಿಗೆ ಕಣ್ಣು ಸಾಲದು, ಜಗಳವಾಡುವುದಿಲ್ಲ. ಮರುದಿನ ಬೆಳಿಗ್ಗೆ ಬೇಗ ಬಿಡಿ, ಕಾಳನ್ನು ಮೂರು ಕಡೆ ಚೆಲ್ಲಿ. ಒಂದೇ ತಟ್ಟೆ ಇದ್ದರೆ ಮೇಲಿನ ಹೇಂಟೆ ಕಾವಲು ನಿಲ್ಲುತ್ತದೆ; ಮೂರು ಕಡೆ ಕಾವಲು ಕಾಯಲು ಅದಕ್ಕೂ ಸಾಧ್ಯವಿಲ್ಲ. ಅಂಗಳದಲ್ಲಿ ಒಂದು ಬುಟ್ಟಿ ಬೋರಲು ಹಾಕಿ, ಒಂದು ಹಲಗೆ ಗೋಡೆಗೆ ಒರಗಿಸಿ. ಓಡುವ ಕೋಳಿಗೆ ಮರೆಯಾಗಲು ಒಂದು ಮೂಲೆ ಬೇಕು.

ಇಷ್ಟಾದ ಮೇಲೂ ಪುಕ್ಕ ಕೀಳುವುದು ನಿಲ್ಲದಿದ್ದರೆ ಜಾಗ ಅಳೆದು ನೋಡಿ. ರಾತ್ರಿ ಗೂಡಿನಲ್ಲಿ ಒಂದೊಂದು ಕೋಳಿಗೆ ಎರಡರಿಂದ ಮೂರು ಚದರ ಅಡಿ ಬೇಕು, ನಿಮ್ಮ ಹತ್ತಕ್ಕೆ ಇಪ್ಪತ್ತಾದರೂ ಬೇಕು. ಬರೀ ಅಕ್ಕಿ ನುಚ್ಚು ತಿನ್ನುವ ಕೋಳಿ ಪ್ರೋಟೀನಿಗಾಗಿ ಪಕ್ಕದ್ದರ ಪುಕ್ಕ ತಿನ್ನುವುದುಂಟು. ಕಡಲೆಕಾಯಿ ಹಿಂಡಿ, ಸೊಪ್ಪು, ತಿಪ್ಪೆಯ ಹುಳು ಸಿಗಲಿ. ಫಾರಂಗಳಲ್ಲಿ ಕೊಕ್ಕಿನ ತುದಿ ಕತ್ತರಿಸುತ್ತಾರೆ. ಹಿತ್ತಲ ಕೋಳಿಗೆ ಅದು ಬೇಡವೇ ಬೇಡ. ಕೊಕ್ಕಿಲ್ಲದ ಕೋಳಿ ಮಣ್ಣು ಕೆದಕಿ ಏನು ಹೆಕ್ಕೀತು?

ಪ್ರಶ್ನೆ: ಒಂದೇ ಕಾವಿನ ಎರಡು ಹುಂಜಗಳು ಇದುವರೆಗೆ ಒಟ್ಟಿಗೆ ಇದ್ದವು. ಈಗ ದಿನಾ ರಕ್ತ ಸುರಿಯುವ ಹೊಡೆದಾಟ. ಅಂಕಕ್ಕೆ (ಕೋಳಿ ಕಾಳಗಕ್ಕೆ) ಕೊಡಿ ಎಂದು ಒಬ್ಬರು ಕೇಳುತ್ತಿದ್ದಾರೆ. ಹೇಂಟೆಗಳು ಇರುವುದು ಐದು.
– ಪುತ್ತೂರಿನ ಓದುಗರು

ಉತ್ತರ: ಅಣ್ಣತಮ್ಮಂದಿರು ಹರೆಯಕ್ಕೆ ಬಂದಿದ್ದಾರೆ, ಅಷ್ಟೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಐದಕ್ಕೆ ಎರಡು ಹುಂಜವಿದ್ದರೆ ಹುಂಜಗಳಿಗಷ್ಟೇ ಅಲ್ಲ, ಹೇಂಟೆಗಳಿಗೂ ಹಿಂಸೆ. ಅವುಗಳ ಬೆನ್ನು ನೋಡಿ, ಪುಕ್ಕ ಉದುರಿ ಚರ್ಮ ಕಾಣುತ್ತಿರಬೇಕು. ಒಂದನ್ನು ಹೇಂಟೆ ಹೆಚ್ಚಿರುವ ಮನೆಗೆ ಕೊಡಿ ಅಥವಾ ಒಂದನ್ನೊಂದು ಕಾಣದ ಹಾಗೆ ಬೇರೆ ಕಟ್ಟಿ. ಸಾರಿಗೆ ಹೋಗುವುದಿದ್ದರೆ ಅದು ನಿಮ್ಮ ಮನೆಯ ವಿಚಾರ, ನಾನು ಬಾಯಿ ಹಾಕುವುದಿಲ್ಲ. ಅಂಕಕ್ಕೆ ಮಾತ್ರ ಕೊಡಬೇಡಿ. ಪ್ರಾಣಿಗಳನ್ನು ಕಾಳಗಕ್ಕೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಕಾಲಿಗೆ ಕತ್ತಿ ಕಟ್ಟಿದ ಹುಂಜಗಳ ಗಾಯ ಹೊಲಿದ ಕೈ ನನ್ನದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ಮೊನ್ನೆ ಒಂದೇ ರಾತ್ರಿ ಏಳು ಕೋಳಿ ಸತ್ತವು. ಎಲ್ಲದರ ಕುತ್ತಿಗೆ ಕಚ್ಚಿದೆ, ತಿಂದದ್ದು ಮಾತ್ರ ಒಂದನ್ನು. ಮುಂಗುಸಿಯ ಕೆಲಸ ಎನ್ನುತ್ತಾರೆ. ನಮ್ಮವರು ಸಿಟ್ಟಿನಲ್ಲಿ ವಿಷ ಇಡುತ್ತೇನೆ, ಇಲ್ಲವೇ ಬೇಲಿಗೆ ಕರೆಂಟು ಕೊಡುತ್ತೇನೆ ಎಂದು ಹೊರಟಿದ್ದಾರೆ. ನನಗೆ ರಾತ್ರಿ ನಿದ್ದೆಯೇ ಬರುತ್ತಿಲ್ಲ.
– ತೀರ್ಥಹಳ್ಳಿಯ ಗೃಹಿಣಿ

ಉತ್ತರ: ಸಾಕಿದವರಿಗೇ ಗೊತ್ತು ಅಮ್ಮ, ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಆಗುವ ಸಂಕಟ. ನಾನೂ ಒಮ್ಮೆ ಚಿಲಕ ಹಾಕಲು ಮರೆತು ಹನ್ನೊಂದು ಕೋಳಿ ಕಳೆದುಕೊಂಡವನು. ಬಂದ ಪ್ರಾಣಿ ದಾರಿ ಕಲಿತಿದೆ, ಮತ್ತೆ ಬರುತ್ತದೆ. ಅಷ್ಟರೊಳಗೆ ದಾರಿ ಮುಚ್ಚಿದರೆ ಉಳಿದವು ಉಳಿಯುತ್ತವೆ. ಅದು ನಿಮ್ಮ ಕೈಯಲ್ಲೇ ಇದೆ.

ಮೊದಲು ಮುಂಗುಸಿಯ ಮೇಲಿನ ಅಪವಾದ ಇಳಿಸಿಬಿಡೋಣ. ನಮ್ಮ ಬೇಲಿಸಾಲಲ್ಲಿ ಕಾಣುವ ಸಾಮಾನ್ಯ ಮುಂಗುಸಿ ಹಗಲಿನ ಪ್ರಾಣಿ. ಮಧ್ಯಾಹ್ನ ಮರಿ ಹೋದರೆ, ಮೊಟ್ಟೆ ಒಡೆದಿದ್ದರೆ ಅದನ್ನು ಅನುಮಾನಿಸಿ. ರಾತ್ರಿ ಹೊತ್ತು, ಅದೂ ಮಲೆನಾಡಿನಲ್ಲಿ, ಕುತ್ತಿಗೆ ಕಚ್ಚಿ ಸಾಲಾಗಿ ಕೊಂದಿದ್ದರೆ ಪುನುಗು ಬೆಕ್ಕೋ ಕಾಡುಬೆಕ್ಕೋ ಇರಬೇಕು. ನಾಯಿಯಾಗಿದ್ದರೆ ಬಾಗಿಲು, ಜಾಲರಿ ಹರಿದು, ಕೋಳಿಗಳು ಅಂಗಳದ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತಿದ್ದವು. ನರಿಯಾಗಿದ್ದರೆ ಕೋಳಿಯೇ ಇರುತ್ತಿರಲಿಲ್ಲ, ಬೇಲಿಯವರೆಗೆ ಪುಕ್ಕದ ಜಾಡು ಮಾತ್ರ. ಹೆಗ್ಗಣ ದೊಡ್ಡ ಕೋಳಿಯ ತಂಟೆಗೆ ಬರುವುದು ಕಡಿಮೆ, ಮರಿಗಳನ್ನು ಬಿಲಕ್ಕೆ ಎಳೆದುಕೊಳ್ಳುತ್ತದೆ.

ತಿನ್ನದೆ ಏಕೆ ಕೊಂದಿತು ಎಂಬುದು ನಿಮ್ಮವರ ಸಿಟ್ಟಿಗೆ ಮುಖ್ಯ ಕಾರಣವಿರಬಹುದು. ಕಾಡಿನಲ್ಲಿ ಒಂದು ಹಕ್ಕಿ ಹಿಡಿದರೆ ಉಳಿದವು ಹಾರಿಹೋಗುತ್ತವೆ, ಬೇಟೆ ಅಲ್ಲಿಗೆ ಮುಗಿಯಿತು. ಗೂಡಿನಲ್ಲಿ ಹಾರಿಹೋಗಲು ಜಾಗವಿಲ್ಲ. ರೆಕ್ಕೆ ಬಡಿಯುವುದು ಎಲ್ಲಿಯವರೆಗೆ ಕಣ್ಣಿಗೆ ಬೀಳುತ್ತದೋ ಅಲ್ಲಿಯವರೆಗೆ ಅದು ಕಚ್ಚುತ್ತಲೇ ಇರುತ್ತದೆ.

ವಿಷ ಬೇಡ. ಅದನ್ನು ತಿನ್ನುವುದು ನಿಮ್ಮ ಮನೆಯ ನಾಯಿ, ಪಕ್ಕದ ಮನೆಯ ಬೆಕ್ಕು. ಬೇಲಿಗೆ ಲೈನಿನ ಕರೆಂಟು ಅಂತೂ ಖಂಡಿತ ಬೇಡ; ಬೆಳಗಿನ ಜಾವ ಹಾಲು ಕರೆಯಲು ಎದ್ದವರ ಪ್ರಾಣ ಹೋಗುತ್ತದೆ. ಪುನುಗು, ಕಾಡುಬೆಕ್ಕು, ಮುಂಗುಸಿ, ನರಿ, ಉಡ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನಿಮ್ಮವರು ಜೈಲು, ಕೋರ್ಟು ಎಂದು ಅಲೆಯುವುದು ನಿಮಗೆ ಬೇಡ.

ಹಗಲಲ್ಲಿ ಗೂಡಿನ ಒಳಗೆ ಕೂತು ಬಾಗಿಲು ಹಾಕಿಸಿಕೊಳ್ಳಿ. ಎಲ್ಲೆಲ್ಲಿ ಬೆಳಕು ತೂರಿ ಬರುತ್ತದೋ ನೋಡಿ. ಗಾಳಿಗೆ ಬಿಟ್ಟ ಜಾಗವಾದರೆ ಜಾಲರಿ, ಉಳಿದ ಕಡೆ ಹಲಗೆ. ನಿಮ್ಮ ಕಡೆ ಹೆಂಚಿನ ಮಾಡು ತಾನೇ? ಎಲ್ಲರೂ ಬಾಗಿಲು ಭದ್ರ ಮಾಡುತ್ತಾರೆ, ಪುನುಗು ಹೆಂಚು ಸರಿಸಿ ಮೇಲಿಂದ ಇಳಿಯುತ್ತದೆ. ಹೆಂಚಿನ ಕೆಳಗೆ ಜಾಲರಿ ಹೊಡೆಸಿ. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ಜಾಲರಿ) ಕೇಳಿ. ದುಡ್ಡು ಜಾಸ್ತಿಯೇ, ಆದರೆ ಏಳು ಕೋಳಿಗಿಂತ ಕಡಿಮೆ. ಗೋಡೆಯ ಬುಡದಲ್ಲಿ ಅದನ್ನು ಹೊರಕ್ಕೆ ಒಂದು ಅಡಿ ಮಡಚಿ ಮಣ್ಣು, ಕಲ್ಲು ಹೇರಿ. ಅಗೆಯುವ ಪ್ರಾಣಿ ಗೋಡೆಗೆ ಅಂಟಿಕೊಂಡೇ ಅಗೆಯುತ್ತದೆ. ಉಗುರಿಗೆ ತಂತಿ ಸಿಕ್ಕಿದರೆ, ಎರಡು ಹೆಜ್ಜೆ ಹಿಂದೆ ಬಂದು ಅಗೆಯುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಸತ್ತ ಕೋಳಿಗಳನ್ನು ತೋಟಕ್ಕೆ ಎಸೆಯದೆ ಆಳವಾಗಿ ಹೂಳಿ. ಆ ವಾಸನೆಯೇ ಕರೆಯೋಲೆ.

ಪ್ರಶ್ನೆ: ಮೊಟ್ಟೆ ತೆಗೆಯಲು ಬುಟ್ಟಿಗೆ ಕೈ ಹಾಕಿದಾಗ ಒಳಗೆ ಹಾವು ಸುತ್ತಿಕೊಂಡಿತ್ತು. ಕಚ್ಚಲಿಲ್ಲ, ದೇವರು ದೊಡ್ಡವನು. ಈಗ ಗೂಡಿನ ಹತ್ತಿರ ಹೋಗಲು ಕಾಲೇ ಬರುವುದಿಲ್ಲ. ಸುತ್ತ ಕಾರ್ಬಾಲಿಕ್ ಆಸಿಡ್ ಚೆಲ್ಲಿದರೆ ಬರುವುದಿಲ್ಲವಂತೆ, ನಿಜವೇ?
– ಮದ್ದೂರಿನ ಓದುಗರು

ಉತ್ತರ: ಕಾಲು ಬಾರದಿರುವುದು ಹೇಡಿತನವೇನಲ್ಲ, ನಿಮ್ಮ ಮೈ ನಿಮಗೆ ಒಳ್ಳೆಯ ಬುದ್ಧಿಯನ್ನೇ ಹೇಳುತ್ತಿದೆ. ಆ ಹೆದರಿಕೆಯನ್ನು ಪೂರ್ತಿ ಬಿಡಲೂ ಬೇಡಿ.

ಕಾರ್ಬಾಲಿಕ್, ಬೆಳ್ಳುಳ್ಳಿ, ನುಸಿಗುಳಿಗೆ ಯಾವುದನ್ನೂ ನಂಬಬೇಡಿ. ಅವುಗಳಿಂದ ಹಾವು ದೂರವಾಗುವುದಿಲ್ಲ, ಆಸಿಡ್ಡಿನಿಂದ ಕೋಳಿಯ ಕಾಲು, ನಿಮ್ಮ ಕೈ ಸುಡುತ್ತದೆ. ಹಾವು ಬರುವುದು ಮೊಟ್ಟೆಗೆ, ಮರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಚೆಲ್ಲಿದ ಕಾಳಿಗೆ ಬರುವ ಇಲಿಗೆ. ಸಂಜೆ ಉಳಿದ ಕಾಳು ಎತ್ತಿಡಿ, ಗೂಡಿನ ಪಕ್ಕದ ಸೌದೆ ರಾಶಿ, ಕಲ್ಲುಗುಡ್ಡೆ ಸರಿಸಿ.

ಮೊಟ್ಟೆ ಇಡುವ ಬುಟ್ಟಿಯನ್ನು ನೆಲದಿಂದ ಎತ್ತಿ ಸೊಂಟದೆತ್ತರಕ್ಕೆ, ಒಳಗಿನದು ಕಣ್ಣಿಗೆ ಕಾಣುವಷ್ಟು ಬೆಳಕಿರುವ ಕಡೆ ಇಡಿ. ದಿನಕ್ಕೆ ಎರಡು ಸಲ, ಕೊನೆಯದು ಬೆಳಕಿರುವಾಗಲೇ, ಮೊಟ್ಟೆ ತೆಗೆಯಿರಿ. ಮೊದಲು ಟಾರ್ಚ್, ಆಮೇಲೆ ಉದ್ದನೆಯ ಕೋಲಿನಿಂದ ಹುಲ್ಲು ಸರಿಸುವುದು, ಕೈ ಕಡೆಗೆ. ಇದನ್ನು ಮಕ್ಕಳಿಗೂ ಕಲಿಸಿ. ಚಿಪ್ಪೂ ಇಲ್ಲದೆ ಮೊಟ್ಟೆ ಮಾಯವಾಗುತ್ತಿದ್ದರೆ ಹಾವು ಬರುತ್ತಿದೆ ಎಂದು ಎಚ್ಚರ ವಹಿಸಿ. ಕಂಡರೆ ಹೊಡೆಯಲು ಹೋಗಬೇಡಿ, ಹಾವು ಕಚ್ಚುವುದು ಬಹಳ ಸಲ ಆಗಲೇ. ದೂರ ನಿಂತು ಕಣ್ಣಿಟ್ಟು, ಹಾವು ಹಿಡಿಯುವವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಸಿ. ಹಾಗೂ ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಎಂದು ಹೊತ್ತು ಕಳೆಯದೆ, ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ. ಆಂಟಿವೆನಮ್ (ಹಾವಿನ ವಿಷ ಇಳಿಸುವ ಚುಚ್ಚುಮದ್ದು) ಒಂದೇ ಅದಕ್ಕೆ ಮದ್ದು.

ಪ್ರಶ್ನೆ: ಜವಾರಿ ಕೋಳಿಯ ಹನ್ನೊಂದು ಮರಿಗಳಲ್ಲಿ ಮೂರು ಉಳಿದಿವೆ. ಕಾಗೆ, ಹದ್ದು ಎತ್ತಿಕೊಂಡು ಹೋಗುತ್ತವೆ. ಹಗಲೆಲ್ಲ ಕಾಯಲು ಆಗುವುದಿಲ್ಲ.
– ಗದಗದ ಓದುಗರು

ಉತ್ತರ: ನೀವು ಕಾಯಬೇಕಿಲ್ಲ. ಮೊದಲ ಮೂರು ನಾಲ್ಕು ವಾರ ಮರಿಗಳನ್ನು ತಾಯಿಯೊಡನೆ ದೊಡ್ಡ ಬುಟ್ಟಿಯ ಕೆಳಗೋ ಮೇಲೆ ಜಾಲರಿ ಹೊದಿಸಿದ ಸಣ್ಣ ಆವರಣದಲ್ಲೋ ಇಡಿ. ಬುಟ್ಟಿಯ ಮೇಲೆ ಕಲ್ಲಿಡಿ. ಹೊರಗೆ ಬಿಟ್ಟ ಮೇಲೂ ಬಯಲಿನಲ್ಲಿ ಬಿಡದೆ ದಾಸವಾಳ, ಕರಿಬೇವಿನ ಗಿಡಗಳಿರುವ ಕಡೆ ಬಿಡಿ. ತಾಯಿ ಒಂದು ಕೂಗು ಕೂಗಿದರೆ ಮರಿಗಳು ಗಿಡದ ಕೆಳಗೆ ನುಗ್ಗಬೇಕು, ಅಷ್ಟು ಹತ್ತಿರ. ಕರಾವಳಿಯವರು ಹಳೆಯ ಮೀನುಬಲೆಯನ್ನು ಅಂಗಳದ ಮೇಲೆ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಸಡಿಲ ಬಿಟ್ಟರೆ ಹಕ್ಕಿ, ಹಾವು ಸಿಕ್ಕಿಕೊಂಡು ಸಾಯುತ್ತವೆ. ಹೊಳೆಯುವ ಸಿಡಿ, ಕಪ್ಪು ಪ್ಲಾಸ್ಟಿಕ್ ತೂಗುಹಾಕುವುದು ಒಂದು ವಾರದ ಮಾತು. ಕಾಗೆ ಕಲಿಯುವುದರಲ್ಲಿ ನಮಗಿಂತ ಮುಂದು.

ಪ್ರಶ್ನೆ: ಹದಿನಾಲ್ಕು ಕೋಳಿಗಳಲ್ಲಿ ಒಂದು ಹೇಂಟೆ ಮಾತ್ರ ಸಂಜೆ ಗೂಡಿಗೆ ಬಾರದೆ ನುಗ್ಗೆ ಮರ ಹತ್ತುತ್ತದೆ. ಹೀಗೇ ಹೊರಗೆ ಮಲಗುತ್ತಿದ್ದ ಎರಡು ಈಗಾಗಲೇ ಕಾಣೆಯಾದವು. ಮೊಂಡುತನವೇ?
– ಕೋಲಾರದ ಓದುಗರು

ಉತ್ತರ: ಈ ಕಾಗದವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಮೊಂಡುತನ ಅಲ್ಲ. ಅದನ್ನು ಒಳಗಿನವು ಸೇರಿಸುತ್ತಿಲ್ಲ. ಸಾಲಿನಲ್ಲಿ ಅದು ಕೊನೆಯದು. ಒಂದನ್ನು ಪ್ರಾಣಿ ಒಯ್ದಾಗ ಅದರ ಮುಂದಿನದು ಕೊನೆಯದಾಗುತ್ತದೆ, ಅದೂ ಹೊರಗೆ ಬೀಳುತ್ತದೆ. ನಿಮ್ಮಲ್ಲಿ ಒಂದಾದ ಮೇಲೊಂದು ಹೀಗೆ ಹೋಗುತ್ತಿವೆ. ನೀವು ಬೇಲಿ ಎಷ್ಟು ಗಟ್ಟಿ ಮಾಡಿದರೂ ಇದು ನಿಲ್ಲುವುದಿಲ್ಲ, ಏಕೆಂದರೆ ಕಾರಣ ಗೂಡಿನ ಒಳಗಿದೆ.

ಸಂಜೆ ಬೆಳಕು ಆರುವ ಅರ್ಧ ಗಂಟೆ ಮುಂಚೆ ಒಂದು ಮಣೆ ಹಾಕಿಕೊಂಡು ದೂರ ಕೂತು ನೋಡಿ. ಬಾಗಿಲ ಬಳಿ ಯಾವುದೋ ಒಂದು ನಿಂತು ಅದನ್ನು ಅಟ್ಟುತ್ತಿರುತ್ತದೆ. ಬಾಗಿಲು ಕಿರಿದಾಗಿದ್ದರೆ ಇನ್ನೊಂದು ತೂತು ಮಾಡಿಸಿ. ಕೂರುವ ಗಳಗಳು ಮೆಟ್ಟಿಲಿನ ಹಾಗೆ ಮೇಲೆ ಕೆಳಗೆ ಇದ್ದರೆ ಎಲ್ಲವಕ್ಕೂ ಮೇಲಿನದೇ ಬೇಕು. ಎಲ್ಲವನ್ನೂ ಒಂದೇ ಎತ್ತರಕ್ಕೆ ಹಾಕಿ, ಕೋಳಿಗೆ ಎಂಟು ಇಂಚಿನಂತೆ ಅಳೆಯಿರಿ. ರಾತ್ರಿ ಟಾರ್ಚ್ ಹಾಕಿ ಗಳದ ಸೀಳುಗಳನ್ನೂ ನೋಡಿ. ಕೆಂಪು ನುಸಿ (ಹಗಲು ಸೀಳಿನಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಸಣ್ಣ ಹುಳು) ತುಂಬಿದ್ದರೆ ಕೋಳಿಗೆ ಮರವೇ ಸುಖ. ಆಗ ಗಳಗಳನ್ನು ಬಿಸಿಲಿಗೆ ಹಾಕಿ, ಕುದಿನೀರು ಸುರಿದು, ಗೂಡಿಗೆ ಸುಣ್ಣ ಬಳಿಸಿ.

ಆಮೇಲೆ ಒಂದು ವಾರ, ಅದು ಮರದ ಮೇಲೆ ಕೂತು ಕತ್ತಲಾದ ಮೇಲೆ, ಮೆಲ್ಲಗೆ ಎತ್ತಿಕೊಂಡು ಬಂದು ಗೂಡಿನ ಗಳದ ತುದಿಯಲ್ಲಿ ಕೂರಿಸಿ. ಮಧ್ಯೆ ಕೂರಿಸಬೇಡಿ, ಎರಡೂ ಕಡೆಯಿಂದ ಪೆಟ್ಟು ಬೀಳುತ್ತದೆ. ಬಾಗಿಲು ಹಾಕುವ ಮುನ್ನ ದಿನಾ ಹದಿನಾಲ್ಕು ಎಣಿಸಿ. ಎಂಟನೇ ದಿನ ಕೈ ಹಾಕದೆ ನೋಡಿ. ಆಗಲೂ ನುಗ್ಗೆ ಮರವನ್ನೇ ಹತ್ತಿದರೆ ಗೂಡಿನ ಉದ್ದ ಅಗಲ, ಗಳದ ಎತ್ತರ ಬರೆದು ಇನ್ನೊಂದು ಕಾಗದ ಹಾಕಿ.