ಮನೆಯಲ್ಲಿದ್ದೇ ಕುಡಿತ ಬಿಡಿಸಬಹುದೇ?

"ಫಾದರ್, ಪೀಠದ ಮುಂದೆ ಆಣೆ ಮಾಡಿದವರು ಹದಿನೈದೇ ದಿನಕ್ಕೆ ಮತ್ತೆ ಕುಡಿದು ಬಂದರು. ಇವರಿಗೆ ದೇವರ ಭಯವೂ ಇಲ್ಲವೇ?" ಇದು ಅನೇಕ ತಾಯಂದಿರ ಗೋಳು. ಆ ಆಣೆ ಸುಳ್ಳೇ ಆಗಿರಬೇಕೆಂದಿಲ್ಲ. ಕುಡಿತದ ಚಟ ಒಂದು ಕಾಯಿಲೆ. ಕಾಯಿಲೆಗೆ ಆಣೆಯೊಂದೇ ಸಾಲದು, ಚಿಕಿತ್ಸೆಯೂ ಬೇಕು.

ಆಸ್ಪತ್ರೆಗೆ ಸೇರಿಸಿದರೆ ಸಂಬಳ ನಿಲ್ಲುತ್ತದೆ, ಊರಿಗೆಲ್ಲ ತಿಳಿಯುತ್ತದೆ ಎಂಬ ಅಂಜಿಕೆ ಸಹಜ. ಆದರೆ ಎಲ್ಲರೂ ಆಸ್ಪತ್ರೆಯಲ್ಲಿ ಉಳಿಯಬೇಕಾಗಿಲ್ಲ. ಅಮೆರಿಕದಲ್ಲಿ 'ತೀವ್ರ ಹೊರರೋಗಿ ಚಿಕಿತ್ಸೆ' ಎಂಬ ಕ್ರಮ ರೂಢಿಯಲ್ಲಿದೆ. ರೋಗಿ ಮನೆಯಲ್ಲೇ ಇದ್ದು, ಕೆಲಸಕ್ಕೂ ಹೋಗುತ್ತಾ, ವಾರಕ್ಕೆ ಕನಿಷ್ಠ 9 ಗಂಟೆ ಚಿಕಿತ್ಸೆಗೆ ಬರುತ್ತಾನೆ. ಸಾಮಾನ್ಯವಾಗಿ 3 ದಿನ, ದಿನಕ್ಕೆ 3 ಗಂಟೆ. ಗುಂಪು ಚರ್ಚೆ, ಆಪ್ತಸಲಹೆ, ಬೇಕಾದರೆ ಔಷಧಿ, ಮನೆಯವರೊಡನೆ ಮಾತುಕತೆ ಇರುತ್ತವೆ. ಸೋಮವಾರ ಕಲಿತದ್ದನ್ನು ಅಂದೇ ಸಂಜೆ ಸಾರಾಯಿ ಅಂಗಡಿಯ ಮುಂದೆ ಹಾದುಬರುವಾಗ ಪರೀಕ್ಷಿಸಿ, ಬುಧವಾರ ಗೆದ್ದೆನೋ ಸೋತೆನೋ ಎಂದು ಹೇಳಬೇಕು. ಇದರ ಬಲ ಇರುವುದು ಇಲ್ಲಿಯೇ.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಳರೋಗಿ, ಹೊರರೋಗಿ ಎರಡೂ ಬಗೆಯ ವ್ಯಸನ ಚಿಕಿತ್ಸೆಯಿದೆ. 14446 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿಯೂ ಸಲಹೆ ಕೇಳಬಹುದು.

ಒಂದು ಎಚ್ಚರಿಕೆ: ಬಹುಕಾಲದಿಂದ ದಿನವೂ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಥಟ್ಟನೆ ನಿಲ್ಲಿಸಿದರೆ ಕೈನಡುಕ, ಬೆವರು, ಕೆಲವರಿಗೆ ಮೊದಲ 2 ದಿನಗಳಲ್ಲಿ ಫಿಟ್ಸ್, 2ರಿಂದ 4 ದಿನಗಳಲ್ಲಿ ಮತಿಭ್ರಮೆ ಬರಬಹುದು. ಪ್ರಾಣಕ್ಕೂ ಅಪಾಯವಿದೆ. ಮೊದಲು ವೈದ್ಯರನ್ನು ಕಾಣಿರಿ. ಅಂಥವರು ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕಾಗಬಹುದು. ಹೊಡೆತ ಬಡಿತವಿರುವ ಮನೆಗೂ, ಇನ್ನೊಬ್ಬರು ಕುಡಿಯುತ್ತಿರುವ ಮನೆಗೂ ಈ ಕ್ರಮ ಒಗ್ಗುವುದು ಕಷ್ಟ.

ರೋಗಿ ಮನೆಯಲ್ಲೇ ಇರುವುದರಿಂದ ಮನೆಯವರ ಪಾಲೂ ದೊಡ್ಡದು.

1. ಕುಡಿದು ಮಲಗಿದವರ ಪರವಾಗಿ "ಜ್ವರ ಬಂದಿದೆ" ಎಂದು ಸುಳ್ಳು ಹೇಳಬೇಡಿ. ಕುಡಿತದ ಸಾಲ ತೀರಿಸಬೇಡಿ.

2. ಮನೆಯಲ್ಲಿ ಬಾಟಲಿ ಬೇಡ, ಕ್ರಿಸ್ಮಸ್ ಊಟಕ್ಕೂ ಜ್ಞಾನಸ್ನಾನದ ಊಟಕ್ಕೂ ಬೇಡ.

3. ಕರೆದ ದಿನ ಹೆಂಡತಿಯೋ ತಾಯಿಯೋ ತಪ್ಪದೆ ಜೊತೆಗೆ ಹೋಗಿ.

4. ಮತ್ತೆ ಕುಡಿದರೆ "ಎಲ್ಲಾ ಮುಗಿಯಿತು" ಎನ್ನದೆ, ಮುಚ್ಚಿಡದೆ, ಬೇಗನೆ ಚಿಕಿತ್ಸೆ ನೀಡುವವರಿಗೆ ತಿಳಿಸಿ.

ಚಿಕಿತ್ಸೆಯ ನಂತರವೂ ಆಸರೆ ಬೇಕು. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಮದ್ಯವ್ಯಸನಿಗಳು ಒಬ್ಬರಿಗೊಬ್ಬರು ಆಸರೆಯಾದದ್ದರಿಂದ ಹುಟ್ಟಿದ ಎ.ಎ. ಕೂಟಗಳು ಇಂದು ನಮ್ಮ ನಾಡಿನಲ್ಲೂ ಇವೆ. ಅಲ್ಲಿ ಶುಲ್ಕವಿಲ್ಲ.

ಚಿಂತನೆಗೆ: ನಮ್ಮ ನೆರೆಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ ನಾವು ಅವರ ಬಗ್ಗೆ ಆಡಿಕೊಳ್ಳುತ್ತೇವೆಯೇ, ಅವರೊಡನೆ ವೈದ್ಯರ ಬಳಿಗೆ ಹೋಗುತ್ತೇವೆಯೇ?